ದೋನ್ಯಾ ಎಲ್ವಿರಾಳ ಹನ್ನೆರಡು ಅಂಕ

ಮಾರ್ಚ್ ತಿಂಗಳು ಬಂತೆಂದರೆ ಕ್ವಿಂಬಿ ಹೈಸ್ಕೂಲಿನ ಕೌಂಟರಿಗೆ ಹೆಂಗಸರು ನಗುನಗುತ್ತ ಬರುತ್ತಿದ್ದರು. ಕೈಯಲ್ಲಿ ಶಿಕ್ಷಣ ಇಲಾಖೆಯ ಪತ್ರ. ನಿಮ್ಮ ಮಗುವಿಗೆ ಸೀಟು ಸಿಕ್ಕಿಲ್ಲ ಎಂದು ಅದರಲ್ಲಿ ಬರೆದಿರುತ್ತಿತ್ತು.

"ದೋನ್ಯಾ ಎಲ್ವಿರಾ, ಆಗ್ಲಿಲ್ಲ," ಎಂದು ಆ ಸೋಮವಾರ ಬೇಕರಿಯ ನೋಯೆಮಿ ಗಾಜಿನ ಕೆಳಗಿನಿಂದ ಪತ್ರ ತಳ್ಳಿದಳು. ಖುಷಿಗೆ ಅವಳ ಕೆನ್ನೆ ಕೆಂಪಾಗಿತ್ತು.

"ಒಳ್ಳೇದಾಯ್ತು. ಎಷ್ಟನೇ ಸಲ ಇದು?"

"ಎರಡನೇದು."

"ಎಂಟಾಯ್ತು ಹಾಗಾದ್ರೆ. ಪತ್ರ ಜೋಪಾನವಾಗಿಡು, ಹಿಟ್ಟಿನ ಕೈಯಲ್ಲಿ ಮುಟ್ಬೇಡ. ನವೆಂಬರ್‌ನಲ್ಲಿ ಬಾ, ಮೂರನೇದು ಹಾಕೋಣ."

ಹೊರಗಿನವರು ನೋಡಿದರೆ ಈ ಜನಕ್ಕೆ ತಲೆ ಕೆಟ್ಟಿದೆ ಎಂದುಕೊಂಡಾರು. ಕೆಟ್ಟಿರುವುದು ನಮ್ಮ ತಲೆಯಲ್ಲ, ಇಲಾಖೆಯ ತಲೆ. ಅವರ ಕಾನೂನು ಹೀಗಿದೆ. ಮ್ಯಾಗ್ನೆಟ್ ಎಂಬ ಒಂದೊಂದು ವಿಷಯದ ವಿಶೇಷ ಶಾಲೆಗಳಲ್ಲಿ ಬೇಕಾದದ್ದಕ್ಕೆ ಅರ್ಜಿ ಹಾಕಿ ಸಿಗದಿದ್ದರೆ ಸಮಾಧಾನಕ್ಕೆಂದು ನಾಲ್ಕು ಅಂಕ. ಮೂರು ವರ್ಷ ಸಿಗದಿದ್ದರೆ ಹನ್ನೆರಡು. ಹನ್ನೆರಡು ಅಂಕದ ಮಗು ಮುಂದಿನ ಸಲ ಎಲ್ಲಿ ಕೇಳಿದರೂ ಸಾಲಿನ ಮುಂದೆ ನಿಲ್ಲುತ್ತದೆ. ಆದರೆ ಸೀಟು ಕೊಟ್ಟಾಗ ಒಲ್ಲೆ ಎಂದರೆ ಕೂಡಿಟ್ಟದ್ದೆಲ್ಲ ಸೊನ್ನೆ. ಆದ್ದರಿಂದ ಬುದ್ಧಿವಂತರು ಮೊದಲ ಮೂರು ವರ್ಷ ಬೇಕಾದ ಶಾಲೆಯ ಹೆಸರು ಬರೆಯುವುದಿಲ್ಲ. ಖಂಡಿತ ಸಿಗದ ಶಾಲೆಯ ಹೆಸರು ಬರೆಯುತ್ತಾರೆ. ಇದನ್ನು ನಮ್ಮ ಬೀದಿಗಳಿಗೆಲ್ಲ ಕಲಿಸಿದವಳು ಎಲ್ವಿರಾ ಮೊಂತೆರೋಸಾ.

ನಾವು ಅವಳನ್ನು ದೋನ್ಯಾ, ಅಂದರೆ ಅಮ್ಮನವರು, ಎಂದೇ ಕರೆಯುತ್ತಿದ್ದೆವು. ಲಾಸ್ ಏಂಜಲೀಸಿನ ದಕ್ಷಿಣದ ನಮ್ಮ ಈ ಮೂಲೆಯಲ್ಲಿ ಅವಳಿಗಿದ್ದ ಮರ್ಯಾದೆ ಪಾದ್ರಿಗೂ ಇರಲಿಲ್ಲ. ಪಾದ್ರಿ ಸ್ವರ್ಗದ ವಿಚಾರ ಹೇಳುತ್ತಿದ್ದ, ಅದು ದೂರದ ಮಾತು. ಎಲ್ವಿರಾ ಮೂರನೇ ಮಹಡಿಯ ವಿಚಾರ ಹೇಳುತ್ತಿದ್ದಳು.

ಕ್ವಿಂಬಿಯ ಒಂದೇ ಕಟ್ಟಡದಲ್ಲಿ ಎರಡು ಶಾಲೆಗಳಿದ್ದವು. ಕೆಳಗಿನ ಎರಡು ಮಹಡಿ ಸುತ್ತಮುತ್ತಲಿನ ಮಕ್ಕಳಿಗೆ. ಅಲ್ಲಿಗೆ ಯಾರು ಬೇಕಾದರೂ ಬರಬಹುದು, ಬರುತ್ತಿದ್ದರು, ಒಂದೊಂದು ಕೋಣೆಯಲ್ಲಿ ನಲವತ್ತು ಮಂದಿ. ಮೂರನೇ ಮಹಡಿ ವೈದ್ಯಕೀಯ ಮ್ಯಾಗ್ನೆಟ್. ಅಲ್ಲಿಗೆ ಊರಿನ ನಾಲ್ಕು ದಿಕ್ಕುಗಳಿಂದ ಹಳದಿ ಬಸ್ಸುಗಳಲ್ಲಿ ಮಕ್ಕಳು ಬರುತ್ತಿದ್ದರು. ಶುಕ್ರವಾರ ಅವರು ಬಿಳಿ ಕೋಟು ತೊಡುತ್ತಿದ್ದರು. ಮೇಲಿನವರ ಗಂಟೆ ಬೇರೆ, ಕೆಳಗಿನವರ ಗಂಟೆ ಬೇರೆ, ನಡುವೆ ಮೂರು ನಿಮಿಷದ ಅಂತರ. ಎಲ್ವಿರಾಳ ಕೌಂಟರು ಮೆಟ್ಟಿಲಿನ ಬುಡದಲ್ಲಿತ್ತು. ಎರಡು ಶಾಲೆಗೂ ಅವಳೊಬ್ಬಳೇ ಹಾಜರಿಯ ಗುಮಾಸ್ತೆ, ಮೇಜಿನ ಮೇಲೆ ಎರಡು ಫೋನು. ಕರಿಯ ಫೋನು ಬಂದರೆ "ಕ್ವಿಂಬಿ ಹೈಸ್ಕೂಲ್, ಏನ್ಬೇಕು," ಎನ್ನುತ್ತಿದ್ದಳು. ಬಿಳಿಯದು ಬಂದರೆ "ಕ್ವಿಂಬಿ ವೈದ್ಯಕೀಯ ಮ್ಯಾಗ್ನೆಟ್, ನಮಸ್ಕಾರ, ಹೇಳಿ," ಎನ್ನುತ್ತಿದ್ದಳು. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಎಲ್ ಸಾಲ್ವಡಾರಿನಿಂದ ಬಂದಾಗ ಅವಳಿಗೆ ಹತ್ತೊಂಬತ್ತು. ಈ ಶಾಲೆಯಲ್ಲಿ ಇಪ್ಪತ್ತೇಳು ವರ್ಷ, ಅದರಲ್ಲಿ ಮೊದಲ ಒಂಬತ್ತು ಅಡುಗೆಮನೆಯಲ್ಲಿ. ಅಡುಗೆಮನೆಯ ಕೊನೆಯ ವರ್ಷದಲ್ಲೇ ಆ ಸಂಗತಿ ನಡೆದದ್ದು. ಅದನ್ನು ಹೇಳದೆ ಅವಳ ಕತೆ ಅರ್ಥವಾಗುವುದಿಲ್ಲ.

ಮಗಳು ಮಾರಿಸೆಲಾ ಒಂಬತ್ತನೇ ಕ್ಲಾಸಿಗೆ ಬಂದಿದ್ದಳು. ಮನೆ ಶಾಲೆಯಿಂದ ಎರಡೇ ಬೀದಿ, ತಾಯಿಯ ಕೆಲಸವೂ ಅಲ್ಲೇ. ಇನ್ನು ಮೂರನೇ ಮಹಡಿಗೆ ಬೇರೆ ಅರ್ಜಿ ಬೇಕೆಂದು ಯಾರಿಗೆ ಹೊಳೆಯಬೇಕು? ಮೊದಲ ದಿನ ಮಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೆಟ್ಟಿಲು ಹತ್ತಿದಳು. ಕಾಲು ಗಂಟೆಗೆ, ಕೆಳಗಿನ ಶಾಲೆಗೆ ಹೋಗು ಎಂದು ಬರೆದ ಹಳದಿ ಚೀಟಿ ಹಿಡಿದು ಇಳಿದು ಬಂದಳು. ಅಳುತ್ತಿದ್ದಳು. ಎಲ್ವಿರಾ ಹಾಲಿನ ಪೊಟ್ಟಣಗಳ ಬುಟ್ಟಿ ಹಿಡಿದು ಅಡುಗೆಮನೆಯ ಕಿಂಡಿಯಲ್ಲಿ ನಿಂತು ನೋಡಿದಳು. ಓಡಿಹೋಗಿ ಕೇಳಲು ಅವಳಿಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ. ಈಗ ಮಾರಿಸೆಲಾಳಿಗೆ ಮೂವತ್ಮೂರು. ಕೌಂಟಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಡಾಕ್ಟರುಗಳ ಕೋಟು ಮಡಚುತ್ತಾಳೆ. ಅವಳು ಕೋಟಿನ ಮಾತೆತ್ತಿದಾಗಲೆಲ್ಲ ಎಲ್ವಿರಾ ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ.

ಆ ಚಳಿಗಾಲವೇ ಎಲ್ವಿರಾ ರಾತ್ರಿಶಾಲೆಗೆ ಸೇರಿ ಇಂಗ್ಲಿಷ್ ಕಲಿತಳು, ಕೌಂಟರಿಗೆ ಬಡ್ತಿ ಪಡೆದಳು, ಇಲಾಖೆಯ ಕಾನೂನು ಪುಸ್ತಕವನ್ನು ಬಾಯಿಪಾಠ ಮಾಡಿದಳು. ಖಂಡಿತ ಸಿಗದ ಶಾಲೆ ಯಾವುದೆಂದು ಹುಡುಕಿದವಳೂ ಅವಳೇ. ಊರಿನ ಉತ್ತರ ತುದಿಯ ಗುಡ್ಡದ ಮೇಲೆ ಪ್ರಾಣಿವಿಜ್ಞಾನದ ಒಂದು ಮ್ಯಾಗ್ನೆಟ್ ಇತ್ತು, ಆರರಿಂದ ಹನ್ನೆರಡನೇ ಕ್ಲಾಸಿನವರೆಗೆ. ಅಲ್ಲಿ ಕುದುರೆ, ಮೇಕೆ, ಆಮೆ ಎಲ್ಲ ಇದ್ದವಂತೆ. ನಮ್ಮವರು ಅದನ್ನು ಕುದುರೆ ಶಾಲೆ ಎನ್ನುತ್ತಿದ್ದರು. ಮೂವತ್ತು ಸೀಟಿಗೆ ಎಂಟು ನೂರು ಅರ್ಜಿ. ನಮ್ಮಲ್ಲಿ ಒಬ್ಬರೂ ಅಲ್ಲಿಗೆ ಹೋದವರಲ್ಲ, ಹೋಗುವ ಆಸೆಯೂ ಇರಲಿಲ್ಲ. ಆದರೂ ಅದರ ನಂಬರು ನಾಲ್ಕು ನಾಲ್ಕು ಒಂದು ಏಳು ಎಂಬುದು ಪ್ರತಿ ತಾಯಿಗೂ ಗೊತ್ತಿತ್ತು.

ಮಾರಿಸೆಲಾಳ ಮಗಳು ಯಾರೆಲಿ ಹತ್ತು ವರ್ಷದವಳಾದಾಗ ಎಲ್ವಿರಾ ಅವಳ ಮೊದಲ ಅರ್ಜಿ ಹಾಕಿದಳು. ಮಾರ್ಚಿನಲ್ಲಿ ಇಲ್ಲ ಎಂದು ಪತ್ರ ಬಂತು. ಎಲ್ವಿರಾ ಖುಷಿಯಿಂದ ನೋಯೆಮಿಯ ಬೇಕರಿಗೆ ಹೋಗಿ ಕೆಸಾದಿಯಾ ತಂದಳು. ನಮ್ಮ ಕೆಸಾದಿಯಾ ಎಂದರೆ ಚೀಸು ಹಾಕಿ ಬೇಯಿಸಿ ಮೇಲೆ ದಟ್ಟವಾಗಿ ಎಳ್ಳು ಉದುರಿಸಿದ ಸಿಹಿ ಕೇಕು. ಮರುವರ್ಷ ಮತ್ತೆ ಇಲ್ಲ, ಮತ್ತೆ ಕೇಕು. ಮೂರನೇ ವರ್ಷವೂ ಅದೇ. ಹುಡುಗಿ ಪ್ರತಿ ಸಲವೂ ತಲೆ ತಗ್ಗಿಸಿ ಕೂತು, ಎಳ್ಳನ್ನು ಒಂದೊಂದಾಗಿ ಕಿತ್ತು ತಟ್ಟೆಯ ಅಂಚಿಗೆ ಸರಿಸಿ ತಿನ್ನುತ್ತಿದ್ದಳು. "ಇವ್ಳು ಡಾಕ್ಟ್ರಾಗೋದ್ರಲ್ಲಿ ಅನುಮಾನ ಇಲ್ಲ, ಕೇಕಿಗೂ ಆಪರೇಷನ್ ಮಾಡ್ತಾಳೆ," ಎಂದು ಎಲ್ವಿರಾ ನಗುತ್ತಿದ್ದಳು.

ನಾಲ್ಕನೇ ವರ್ಷ, ಎಂಟನೇ ಕ್ಲಾಸಿನ ನವೆಂಬರಿನಲ್ಲಿ, ಹನ್ನೆರಡು ಅಂಕವನ್ನು ಖರ್ಚು ಮಾಡುವ ಹೊತ್ತು ಬಂತು. ಎಲ್ವಿರಾ ಕೈ ತೊಳೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತು ಮೂರನೇ ಮಹಡಿಯ ನಂಬರು ಒತ್ತಿದಳು. ಎರಡು ಸಲ ಓದಿ ನೋಡಿ ಕಳಿಸಿದಳು. ಹನ್ನೆರಡು ಅಂಕವಿದ್ದರೆ ಅಲ್ಲಿ ಸೀಟು ಸಿಕ್ಕಂತೆಯೇ. ಡಿಸೆಂಬರಿನಲ್ಲೇ ಬಿಳಿ ಕೋಟಿಗೆ ಬಟ್ಟೆಯನ್ನೂ ನೋಡಿಟ್ಟಿದ್ದಳು.

ನೋಯೆಮಿ ಬಂದುಹೋದ ಆ ಸೋಮವಾರ ಸಂಜೆ ಮನೆಗೂ ಪತ್ರ ಬಂದಿತ್ತು. ಮಾರಿಸೆಲಾ ಅದನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು.

"ಅಮ್ಮ, ಅಭಿನಂದನೆ ಅಂತ ಬರ್ದಿದ್ದಾರೆ."

"ಮತ್ತೆ? ಬರೀದೆ ಇರ್ತಾರಾ?"

"ಕುದುರೆ ಶಾಲೆ ಅಂತ ಬರ್ದಿದ್ದಾರೆ."

ಎಲ್ವಿರಾ ಕನ್ನಡಕ ಹಾಕಿಕೊಂಡು ಓದಿದಳು. ತೆಗೆದು ಒರೆಸಿ ಇನ್ನೊಮ್ಮೆ ಓದಿದಳು. ನಾಲ್ಕು ನಾಲ್ಕು ಒಂದು ಏಳು. ಸೀಟು ನೀಡಲಾಗಿದೆ. ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸತಕ್ಕದ್ದು.

"ಇದು ಒಳ್ಳೇದಾ ಕೆಟ್ಟದ್ದಾ?" ಎಂದು ಮಾರಿಸೆಲಾ ಕೇಳಿದಳು.

ಹದಿನೆಂಟು ವರ್ಷ ಊರಿಗೆಲ್ಲ ಉತ್ತರ ಹೇಳಿದವಳು ಪತ್ರವನ್ನು ಮಡಚಿ, ಮತ್ತೆ ಬಿಡಿಸಿದಳು. ಯಾರಿಗೂ ಸಿಗದ ಸೀಟು ಸಿಕ್ಕಿತ್ತು. ಒಪ್ಪಿದರೆ ಹುಡುಗಿ ನಸುಕಿನಲ್ಲಿ ಬಸ್ಸು ಹಿಡಿದು ಒಂದೂವರೆ ಗಂಟೆ ದೂರ ಕುದುರೆ ತೊಳೆಯಲು ಹೋಗಬೇಕು. ಬೇಡವೆಂದರೆ ಹನ್ನೆರಡೂ ಹೋಗಿ ಕೆಳಗಿನ ಮಹಡಿಗೆ, ಅವಳ ತಾಯಿ ಹೋದಲ್ಲಿಗೇ ಹೋಗಬೇಕು. ಯಾರೆಲಿ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿಯ ಮುಖ ನೋಡಿ ಒಳಗೆ ಹೋದಳು. ಅವತ್ತು ಕೇಕು ತರಬೇಕೋ ಬೇಡವೋ ತಿಳಿಯದೆ ಯಾರೂ ತರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಲ್ವಿರಾ ಮೂರನೇ ಮಹಡಿ ಹತ್ತಿದಳು. ಮ್ಯಾಗ್ನೆಟ್ಟಿನ ಮುಖ್ಯಸ್ಥ ಟಾಲಿವರ್ ದೊಡ್ಡ ಆಳು, ಮೆಲುದನಿಯವನು. ಈ ಶಾಲೆಯಲ್ಲೇ ಓದಿದ ಕಪ್ಪು ಜನಾಂಗದವನು, ಎಲ್ವಿರಾಳ ಕೈಯಿಂದಲೇ ಹಾಲಿನ ಪೊಟ್ಟಣ ತೆಗೆದುಕೊಂಡವನು.

"ಕಂಪ್ಯೂಟರ್ ತಪ್ಪು ಮಾಡಿದೆ," ಎಂದಳು ಎಲ್ವಿರಾ.

ಅವನು ಅರ್ಜಿಯ ವಿವರವನ್ನು ಅಚ್ಚು ಹಾಕಿಸಿ ತಂದು ಮುಂದಿಟ್ಟ. "ಮಿಸ್ ಎಲ್ವಿರಾ, ನೋಡಿ. ನವೆಂಬರ್ ಒಂಬತ್ತನೇ ತಾರೀಕು ನಮ್ಮ ನಂಬರ್ ಇದೆ. ಹದಿನೈದನೇ ತಾರೀಕು ಬದಲಾಗಿದೆ. ಬದಲಾಗಿರೋದು ನಿಮ್ಮ ಕೌಂಟರಿನ ಮಷಿನ್‌ನಿಂದಾನೇ."

"ನಾನು ಬದಲಾಯಿಸ್ಲಿಲ್ಲ."

"ಹದಿನೈದು ಕೊನೇ ದಿನ. ಅವತ್ತು ನಿಮ್ಮ ಹತ್ರ ಎಷ್ಟು ಜನ ಬಂದಿದ್ರು?"

"ಅರವತ್ತು. ಎಪ್ಪತ್ತಿರ್ಬೋದು."

"ಎಲ್ರಿಗೂ ಅದೇ ನಂಬರ್ ಒತ್ತಿದ್ರಿ ತಾನೇ? ಯಾವುದೋ ಗಡಿಬಿಡೀಲಿ ಮೊಮ್ಮಗಳದ್ದು ತೆರೆದಿರುತ್ತೆ. ಬೆರಳು ಅದರ ಪಾಡಿಗೆ ಅದು ಒತ್ತಿರುತ್ತೆ. ಬೈಯ್ಯೋಕೆ ಹೇಳ್ತಿಲ್ಲ. ಆ ಗುಡ್ಡದ ಶಾಲೆಗೆ ಬರೋ ಅರ್ಜೀಲಿ ಅರ್ಧ ನಿಮ್ಮ ಜನರದ್ದೇ ಅಂತ ಇಲಾಖೆಯವ್ರೇ ನಗ್ತಾರೆ. ಸಿಕ್ಕಿಬಿಟ್ರೆ ಎದೆ ಒಡ್ಕೊಳ್ಳೋರು ನಾನೂರು ಮಂದಿ."

ಎಲ್ವಿರಾ ನಗಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು. ತಾನು ಬದಲಾಯಿಸಿಲ್ಲ ಎಂದು ಆಣೆ ಇಡಬಲ್ಲಳು. ಆದರೆ ಹೋದ ವಾರ ಕರಿಯ ಫೋನಿಗೆ ಬಿಳಿಯ ಫೋನಿನ ನಮಸ್ಕಾರ ಹೇಳಿದ್ದಳು. ಮನೆಯ ಬೀಗದ ಕೈ ಬೀನ್ಸಿನ ಡಬ್ಬಿಯಲ್ಲಿ ಸಿಕ್ಕಿತ್ತು. ಐವತ್ತೆಂಟಕ್ಕೇ ಹೀಗಾಗುತ್ತದೆಯೇ? ಅವಳಿಗೆ ಹೆದರಿಕೆಯಾಯಿತು. ಮಗಳ ಸಲ ಗೊತ್ತಿಲ್ಲದೆ ಮಾಡಿದೆ, ಮೊಮ್ಮಗಳ ಸಲ ಎಲ್ಲ ಗೊತ್ತಿದ್ದೂ ಮಾಡಿದೆನಲ್ಲ ಎಂದು ಒಳಗೊಳಗೇ ಬೆಂದಳು.

"ದಾರಿ ಏನಾದ್ರೂ ಇದ್ಯಾ?"

ಟಾಲಿವರ್ ಎದ್ದು ಬಾಗಿಲು ಮುಚ್ಚಿ ಬಂದ. "ಒಂದಿದೆ. ಕಚೇರಿಯವರ ಕೈತಪ್ಪು ಅಂತ ನೀವು ಬರ್ಕೊಡ್ಬೇಕು. ಮಗುವಿನ ತಾಯಿ ಸಹಿ ಹಾಕ್ಬೇಕು. ಆಗ ಅರ್ಜಿ ಮೊದ್ಲಿನ ಹಾಗಾಗುತ್ತೆ, ನಾನು ಯಾರೆಲಿನ ಮೇಲೆ ತಗೋತೀನಿ. ಆದ್ರೆ ಹಾಗೆ ಬರ್ದವ್ರು ಮುಂದೆ ಯಾರ ಅರ್ಜೀನೂ ಮುಟ್ಟೋ ಹಾಗಿಲ್ಲ. ಅದು ಇಲಾಖೆ ಕಾನೂನು, ನಿಮ್ಗೇ ಗೊತ್ತು."

ಗೊತ್ತಿತ್ತು, ಪುಟದ ಸಂಖ್ಯೆಯ ಸಮೇತ.

ಬುಧವಾರ ಇಡೀ ದಿನ ಅವಳು ಕೌಂಟರಿನಲ್ಲಿ ಮಂಕು ಬಡಿದವಳಂತೆ ಕೂತಿದ್ದಳು. ಇಲ್ಲ ಎಂದ ಪತ್ರ ತಂದವರಿಗೆ "ಅಯ್ಯೋ ಪಾಪ," ಎಂದಳು. ಅವರು ಗಾಬರಿಯಾಗಿ, ಕಾನೂನು ಬದಲಾಯಿತೇ ಎಂದು ಬೀದಿಯಲ್ಲಿ ಗುಂಪುಗೂಡಿ ಮಾತಾಡಿಕೊಂಡರು. ಕುದುರೆ ಶಾಲೆಯ ಸುದ್ದಿ ಹರಡಿತ್ತು. ಕೆಲವರು ಅವಳ ಕೈ ಹಿಡಿದು ಅಭಿನಂದಿಸಿದರು, ಕೆಲವರು ಅದೇ ಕೈ ಹಿಡಿದು ಸಂತಾಪ ಹೇಳಿದರು. ಒಬ್ಬಳು ಎರಡನ್ನೂ ಹೇಳಿ ಹೋದಳು.

ಗುರುವಾರ ಮಧ್ಯಾಹ್ನ ಎಲ್ವಿರಾ ಕಾಗದ ಬರೆದಳು. ಇದು ನನ್ನ ತಪ್ಪು, ಮಗುವಿನದಲ್ಲ. ಎರಡು ಸಾಲು. ಇಷ್ಟು ವರ್ಷದ ಮರ್ಯಾದೆ ಎರಡು ಸಾಲಿಗೆ ಮುಗಿಯಿತು ಎನಿಸಿತು. ಹಾಗಾದರೆ ಹಾಗಾಗಲಿ, ಹುಡುಗಿ ಮೇಲೆ ಹತ್ತಿದರೆ ಸಾಕು.

ಸಂಜೆ ಊಟಕ್ಕೆ ಕೂತಾಗ ಕಾಗದವನ್ನು ಮಾರಿಸೆಲಾಳ ಮುಂದಿಟ್ಟಳು. ಬೀನ್ಸು, ಕರಿದ ಬಾಳೆಹಣ್ಣು ಆರುತ್ತಿದ್ದವು. ಮಾರಿಸೆಲಾ ಪೆನ್ನು ಹುಡುಕಲು ಎದ್ದಳು. ಯಾರೆಲಿ ಕಾಗದ ಎಳೆದುಕೊಂಡು ಓದಿದಳು.

"ಇದು ಸುಳ್ಳು," ಎಂದಳು.

"ಸುಳ್ಳಲ್ಲ ಪುಟ್ಟಿ. ಅಜ್ಜಿಗೆ ವಯಸ್ಸಾಯ್ತು, ಬೆರಳು ತಪ್ತು."

"ನಿನ್ನ ಬೆರಳಲ್ಲ. ನಾನು ಬದಲಾಯಿಸಿದ್ದು."

ಮಾರಿಸೆಲಾ ಡ್ರಾಯರಿನ ಮುಂದೆ ಹಾಗೇ ನಿಂತಳು.

"ಕೊನೇ ದಿನ ಸಂಜೆ ನೀನು ಹಿಂದಿನ ಗೇಟಿಗೆ ಬಸ್ ಕಳ್ಸೋಕೆ ಹೋಗಿದ್ದೆ. ನಾನು ಕೌಂಟರಲ್ಲಿ ಕೂತು ಹೋಂವರ್ಕ್ ಮಾಡ್ತಿದ್ದೆ. ಪಾಸ್‌ವರ್ಡ್ ನನ್ನ ಹುಟ್ಟಿದ ದಿನ ಅಲ್ವಾ." ಹುಡುಗಿ ತಟ್ಟೆ ನೋಡುತ್ತಲೇ ಹೇಳಿದಳು. "ಮಂಗಳವಾರಾನೇ ಹೇಳ್ಬೇಕಿತ್ತು. ನೀನು ಬೀಗದ ಕೈ, ಬೀನ್ಸು ಅಂತ ಏನೇನೋ ಹೇಳ್ಕೊಂಡು ಅಳ್ತಿದ್ದೆ, ನಂಗೆ ಭಯ ಆಯ್ತು."

"ಯಾಕೆ?" ಎಂದಳು ಎಲ್ವಿರಾ.

"ಯಾಕೆ ಅಂದ್ರೆ? ನಾಲ್ಕನೇ ಸಲ ಅದೇ ಶಾಲೆ ಬರೆದೆ, ಅಷ್ಟೇ. ಮೊದ್ಲ ಮೂರು ಸಲ ನೀನೇ ಬರ್ದಿದ್ದು."

"ಅದು ಸಿಗ್ಬಾರ್ದು ಅಂತ ಬರೆದದ್ದು ಕಣೇ. ಹೇಳಿರ್ಲಿಲ್ವಾ ನಿಂಗೆ?"

"ಮೊದ್ಲ ಸಲ ಹೇಳಿರ್ಲಿಲ್ಲ. ಹತ್ತು ವರ್ಷ ಆಗ ನಂಗೆ. ಫೋಟೋ ತೋರ್ಸಿದೆ. ಕುದುರೆ ಇದೆ ನೋಡು, ಆಮೆ ಇದೆ ನೋಡು ಅಂದೆ. ನಾನು ನಿಜ್ವಾಗ್ಲೂ ಹೋಗ್ತೀನಿ ಅಂದ್ಕೊಂಡೆ. ಬೇಡ ಅಂತ ಪತ್ರ ಬಂತು. ನೀವಿಬ್ರೂ ಚಪ್ಪಾಳೆ ತಟ್ಟಿದ್ರಿ. ಕೇಕ್ ತಂದ್ರಿ."

ಯಾರೆಲಿ ಕಾಗದವನ್ನು ಅಜ್ಜಿಯ ಕಡೆ ತಳ್ಳಿದಳು.

"ಆಮೇಲೆ ಗೊತ್ತಾಯ್ತು ಲೆಕ್ಕಾಚಾರ ಅಂತ. ಆದ್ರೂ ಪ್ರತಿ ಮಾರ್ಚಲ್ಲೂ ನೀವು ಸಿಗದೆ ಇರ್ಲಿ ಅಂತ ಬೇಡ್ಕೋತಿದ್ರಿ. ಒಂದೇ ಮೇಣದಬತ್ತಿ ಮುಂದೆ ಕೂತು ನಾನು ಸಿಗ್ಲಿ ಅಂತ ಬೇಡ್ಕೋತಿದ್ದೆ."

ಎಲ್ವಿರಾಳ ಕಣ್ಣ ಮುಂದೆ ತಟ್ಟೆಯ ಅಂಚಿನ ಎಳ್ಳು ಬಂತು. ಮೂರು ವರ್ಷ ಅದನ್ನು ನೋಡಿ ನಕ್ಕಿದ್ದಳು. ನಾಚಿಕೆಯಾಯಿತು, ಸಿಟ್ಟೂ ಬಂತು. ಯಾವುದು ಯಾರ ಮೇಲೆ ಎಂದು ಬಿಡಿಸಿ ಹೇಳಲು ಅವಳಿಂದ ಆಗುತ್ತಿರಲಿಲ್ಲ.

"ನಮ್ಮನೇಲಿ ಒಂದು ಬೆಕ್ಕು ಕೂಡ ಇಲ್ವಲ್ಲೇ," ಎಂದಳು ಕೊನೆಗೆ. "ಬಸ್ಸು ಎಷ್ಟೊತ್ತಿಗೆ ಗೊತ್ತಾ?"

"ಐದೂ ನಲವತ್ತು. ಸ್ಟಾಪಿಗೆ ಹೋಗಿ ನೋಡ್ಕೊಂಡು ಬಂದಿದ್ದೀನಿ."

ಎಲ್ವಿರಾ ಮಗಳ ಕಡೆ ತಿರುಗಿದಳು. "ನೀನಾದ್ರೂ ಹೇಳು ಮಾರಿಸೆಲಾ. ಅವತ್ತು ಮೆಟ್ಟಿಲು ಇಳಿದು ಬಂದಾಗ ಎಷ್ಟು ಅತ್ತಿದ್ದೆ ನೀನು. ಇವಳಿಗೆ ಹೇಳು."

ಮಾರಿಸೆಲಾ ಪೆನ್ನನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. "ಅತ್ತಿದ್ದು ನಿಜ ಅಮ್ಮ. ನೀನು ಕಿಂಡಿಯಿಂದ ನೋಡ್ತಿದ್ದೆ, ಅದಕ್ಕೆ ಅತ್ತೆ. ನಿನ್ನ ಮುಖ ನೋಡೋಕಾಗ್ಲಿಲ್ಲ."

"ಮೇಲೆ ಹೋಗೋ ಆಸೆ ಇರ್ಲಿಲ್ವಾ ನಿಂಗೆ?"

"ಗೊತ್ತಿಲ್ಲ. ಇತ್ತೋ ಏನೋ. ಯಾರೂ ಕೇಳ್ಲಿಲ್ಲ."

ಹತ್ತೊಂಬತ್ತು ವರ್ಷ ಎದೆಯಲ್ಲಿ ಹೊತ್ತು ತಿರುಗಿದ್ದ ದುಃಖ ತನ್ನದೋ ಮಗಳದೋ ಎಂದು ಎಲ್ವಿರಾಳಿಗೆ ಈಗ ತಿಳಿಯದಾಯಿತು. ಬೀನ್ಸು ಆರಿ ತಣ್ಣಗಾಗಿತ್ತು. ಅದನ್ನೇ ತಿಂದರು.

ಶುಕ್ರವಾರ ಮೇಲಿನ ಮಕ್ಕಳು ಬಿಳಿ ಕೋಟು ತೊಟ್ಟು ಎಂದಿನಂತೆ ಅವಳ ಮುಂದೆಯೇ ಇಳಿದುಹೋದರು. ಅವಳು ಒಂದೊಂದು ಮುಖವನ್ನೂ ನೋಡಿದಳು. ಇವರಲ್ಲಿ ಎಷ್ಟು ಮಂದಿಗೆ ಇದು ಬೇಕಾಗಿತ್ತು ಎಂದು ಅವಳಿಗೆ ಮೊದಲ ಸಲ ಅನುಮಾನ ಬಂತು, ಆ ಅನುಮಾನ ಅವಳಿಗೆ ಇಷ್ಟವಾಗಲಿಲ್ಲ. ಐದಕ್ಕೆ ಹದಿನೈದು ನಿಮಿಷವಿದ್ದಾಗ ಕಂಪ್ಯೂಟರಿನಲ್ಲಿ ಅರ್ಜಿಯ ಪುಟ ತೆರೆದಳು. ಒಪ್ಪಿಗೆ ಎಂದು ಒಂದು ಗುಂಡಿ, ಬೇಡ ಎಂದು ಇನ್ನೊಂದು. ಸಹಿಯಿಲ್ಲದ ಕಾಗದ ಕೈಚೀಲದಲ್ಲೇ ಇತ್ತು. ಮಾರಿಸೆಲಾಳನ್ನು ಫೋನಿನಲ್ಲಿ ಬೇಡಿಕೊಂಡರೆ ಈಗಲೂ ಬಂದು ಸಹಿ ಹಾಕುತ್ತಾಳೆ. ಟಾಲಿವರ್ ಮೇಲೆ ಕಾಯುತ್ತಿದ್ದ.

ಅವಳಿಗೆ ಆ ಕೋಟು ಬೇಕಾಗಿತ್ತು. ಈಗಲೂ ಬೇಕಾಗಿತ್ತು, ಸುಳ್ಳು ಯಾಕೆ ಹೇಳಬೇಕು.

"ಪುಟ್ಟಿ, ಬಾ ಇಲ್ಲಿ," ಎಂದು ಹಿಂದಿನ ಮೇಜಿನಲ್ಲಿ ಕೂತಿದ್ದ ಯಾರೆಲಿಯನ್ನು ಕರೆದಳು. "ನೀನೇ ಒತ್ತು."

"ನೀನು ಒತ್ತಜ್ಜಿ. ಯಾವಾಗ್ಲೂ ನೀನೇ ತಾನೇ ಒತ್ತೋದು."

"ನನ್ನ ಬೆರಳು ನಂಬೋ ಹಾಗಿಲ್ಲ. ಊರಿಗೆಲ್ಲ ಗೊತ್ತು."

ಹುಡುಗಿ ನಗಲೂ ಇಲ್ಲ, ಅಳಲೂ ಇಲ್ಲ. ಒಪ್ಪಿಗೆ ಒತ್ತಿದಳು. ಹನ್ನೆರಡು ಇದ್ದ ಜಾಗದಲ್ಲಿ ಸೊನ್ನೆ ಬಂತು. ಕರಿಯ ಫೋನು ಬಡಿದುಕೊಳ್ಳುತ್ತಿತ್ತು, ಎಲ್ವಿರಾ ಎತ್ತಲಿಲ್ಲ.

ಯಾರೆಲಿಯನ್ನು ಮನೆಗೆ ಕಳಿಸಿ ಅವಳು ಬೇಕರಿಗೆ ಹೋದಳು. ನೋಯೆಮಿ ಕೇಳುವ ಮುಂಚೆಯೇ ಕೆಸಾದಿಯಾದ ಡಬ್ಬಿ ಮುಚ್ಚಿ ದಾರ ಕಟ್ಟುತ್ತಿದ್ದಳು.

"ಹಾಗಾದ್ರೆ ಎಲ್ಲ ಸರಿಹೋಯ್ತಾ ದೋನ್ಯಾ ಎಲ್ವಿರಾ? ಮೂರನೇ ಮಹಡೀನೇ ಸಿಕ್ತಾ?"

"ಇಲ್ಲ. ಒಪ್ಕೊಂಡ್ವಿ. ಕುದುರೆ ಶಾಲೆಗೇ ಹೋಗ್ತಾಳೆ."

ನೋಯೆಮಿಯ ಕೈ ದಾರದ ಮೇಲೆ ನಿಂತಿತು. "ಅಯ್ಯೋ ದೇವರೇ. ಕೇಕ್ ಬೇಡ ಹಾಗಾದ್ರೆ."

"ಬೇಕು. ಎಳ್ಳಿಲ್ಲದ್ದು ಕೊಡು."

"ಎಳ್ಳಿಲ್ಲದ ಕೆಸಾದಿಯಾನ ಎಲ್ಲಿಂದ ತರ್ಲಿ ನಾನು? ನಮ್ಮಜ್ಜಿ ಕಾಲದಿಂದ ಯಾರೂ ಮಾಡಿಲ್ಲ."

ಎಲ್ವಿರಾ ಡಬ್ಬಿಯನ್ನು ತೆಗೆದುಕೊಂಡು ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕೂತಳು. ಕನ್ನಡಕ ಹಾಕಿಕೊಂಡಳು. ಉಗುರಿನ ತುದಿಯಿಂದ ಒಂದು ಎಳ್ಳು ಕಿತ್ತು ಕಾಗದದ ಮೇಲಿಟ್ಟಳು. ಕೈತಪ್ಪು ಎಂದು ಬರೆದಿದ್ದ ಕಾಗದವೇ ಅದು. ಆಮೇಲೆ ಇನ್ನೊಂದು ಕಿತ್ತಳು. ಎಳ್ಳು ಬಿಗಿಯಾಗಿ ಅಂಟಿಕೊಂಡಿತ್ತು, ಎಷ್ಟು ಹೊತ್ತಾಗುತ್ತದೋ ಹೇಳುವಂತಿರಲಿಲ್ಲ. ನೋಯೆಮಿ ಸ್ವಲ್ಪ ಹೊತ್ತು ದೂರದಿಂದ ನೋಡಿದಳು, ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಏನೂ ಅರ್ಥವಾಗದೆ ತಾನೂ ಒಂದು ಎಳ್ಳು ಕಿತ್ತಳು.

"ಇದು ಒಳ್ಳೇ ಸುದ್ದಿನಾ ಕೆಟ್ಟ ಸುದ್ದಿನಾ, ಒಂದು ಮಾತು ಹೇಳಿ ದೋನ್ಯಾ ಎಲ್ವಿರಾ. ನಾನು ಮುಖ ಹೇಗಿಟ್ಕೊಳ್ಲಿ?"

"ನಂಗೂ ಗೊತ್ತಿಲ್ಲ ಕಣೇ," ಎಂದಳು ಎಲ್ವಿರಾ. "ನೀನು ಆ ಅಂಚಿನಲ್ಲಿರೋದು ತೆಗಿ."